ಹಬ್ಬವಿಲ್ಲದ ತಿಂಗಳಲ್ಲೂ ಬಂದವರಿಗೆ

ಮೊನ್ನೆ ಗುರುವಾರ ನನ್ನ ಮಗಳು ಕೊನೆಯ ಮಾತ್ರೆ ನುಂಗಿದಳು. ಎರಡು ವರ್ಷ ಏಳು ತಿಂಗಳ ಚಿಕಿತ್ಸೆ ಅಲ್ಲಿಗೆ ಮುಗಿಯಿತು. "ಇನ್ನು ಮಾತ್ರೆ ಬೇಡ, ತಿಂಗಳಿಗೊಮ್ಮೆ ಬಂದು ರಕ್ತ ಪರೀಕ್ಷೆ ಮಾಡಿಸಿದರೆ ಸಾಕು" ಎಂದು ಡಾಕ್ಟರು ಹೇಳಿದಾಗ ನಾನೂ ನನ್ನ ಹೆಂಡತಿಯೂ ಸುಮ್ಮನೆ ಕೂತೇ ಇದ್ದೆವು. ಮಗಳು ಮಾತ್ರೆಯ ಖಾಲಿ ಡಬ್ಬಿ ಅಲ್ಲಾಡಿಸಿ, "ಅಪ್ಪಾ, ಇದನ್ನ ನಾನೇ ಇಟ್ಕೊಳ್ಲಾ?" ಎಂದು ಕೇಳಿದಳು.

ಅವಳಿಗೆ ಬಂದದ್ದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಜಾಸ್ತಿ. ಸರಿಯಾದ ಚಿಕಿತ್ಸೆ ಸಿಕ್ಕರೆ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ಆದರೆ ಚಿಕಿತ್ಸೆ ಉದ್ದ, ಎರಡರಿಂದ ಮೂರು ವರ್ಷ. ಮೊದಲ ಕೆಲವು ತಿಂಗಳು ಜೋರು ಕೀಮೋ, ಆಸ್ಪತ್ರೆಯೇ ಮನೆ. ಆಮೇಲೆ ವರ್ಷಗಟ್ಟಲೆ ನಡೆಯುವ 'ಮೇಂಟೆನೆನ್ಸ್'. ದಿನಾ ಮಾತ್ರೆ, ಆಗಾಗ ರಕ್ತ ಪರೀಕ್ಷೆ, ನಡುವೆ ಜ್ವರ ಬಂದರೆ ಮತ್ತೆ ಅಡ್ಮಿಟ್.

ಮೊದಲ ತಿಂಗಳು ನಮ್ಮ ಸುತ್ತ ಜನವೋ ಜನ. ಅವರೆಲ್ಲರಿಗೂ ನಾವು ಋಣಿಗಳು, ಆ ಹೊತ್ತಿನಲ್ಲಿ ಅವರಿಲ್ಲದಿದ್ದರೆ ನಾವು ಕುಸಿದುಬಿಡುತ್ತಿದ್ದೆವು. ಆದರೆ ಈ ಬರಹ ಹೆಚ್ಚಾಗಿ ಒಂಬತ್ತನೇ ತಿಂಗಳಲ್ಲಿ, ಹತ್ತೊಂಬತ್ತನೇ ತಿಂಗಳಲ್ಲಿ ಬಂದವರಿಗೆ. ಆ ಹೊತ್ತಿಗೆ ಮಗಳ ತಲೆಗೂದಲು ಮತ್ತೆ ಬೆಳೆದಿತ್ತು. ನೋಡಿದವರಿಗೆ ಎಲ್ಲ ಸರಿಹೋದಂತೆ ಕಾಣುತ್ತಿತ್ತು. ನಮ್ಮ ಉಳಿತಾಯ ಮುಗಿದದ್ದು ಆಗಲೇ.

ಮೊದಲ ವಂದನೆ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣ, ಕೊಟ್ಟವರಿಗೆ. ನಿಮ್ಮಲ್ಲಿ ಒಬ್ಬರ ಮುಖವನ್ನೂ ನಾನು ನೋಡಿಲ್ಲ. ಕೀಮೋ ಕೊಟ್ಟಾಗ ಪ್ಲೇಟ್‌ಲೆಟ್ ಎಷ್ಟು ಇಳಿಯುತ್ತದೆ ಎಂದರೆ, ಮಗಳ ಮೂಗಿನಿಂದ ಸುರಿಯುವ ರಕ್ತ ಎಷ್ಟು ಹೊತ್ತಾದರೂ ನಿಲ್ಲುತ್ತಿರಲಿಲ್ಲ. ಒಂದು ರಾತ್ರಿ ಬ್ಲಡ್ ಬ್ಯಾಂಕಿನ ಕಿಟಕಿಯ ಮುಂದೆ ಕಾಯುತ್ತಿದ್ದಾಗ ಅಲ್ಲಿನ ಟೆಕ್ನಿಷಿಯನ್ ಒಬ್ಬರು ನನಗೆ ಬಿಡಿಸಿ ಹೇಳಿದರು. ಕೆಂಪು ರಕ್ತಕಣಗಳನ್ನು ಫ್ರಿಜ್‌ನಲ್ಲಿಟ್ಟು 42 ದಿನಗಳವರೆಗೂ ಕಾಪಾಡಬಹುದಂತೆ. ಪ್ಲೇಟ್‌ಲೆಟ್ ಹಾಗಲ್ಲ. ಅದನ್ನು 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡುವ ಯಂತ್ರದ ಮೇಲೆ ಇಡಬೇಕು. ಆದರೂ ಸಾಮಾನ್ಯವಾಗಿ ಐದೇ ದಿನ. ಒಂದು ದೊಡ್ಡ ಶಿಬಿರದಲ್ಲಿ ನೂರಾರು ಜನ ಸಾಲುಗಟ್ಟಿ ಕೊಟ್ಟರೂ ಮುಂದಿನ ವಾರದ ಮಗುವಿಗೆ ಆ ಪ್ಲೇಟ್‌ಲೆಟ್ ಉಳಿದಿರುವುದಿಲ್ಲ. ಪ್ರತಿ ವಾರವೂ ಯಾರಾದರೂ ಬರಲೇಬೇಕು. ಸಾಲು ಸಾಲು ರಜೆ ಬಂದಾಗ ಬ್ಲಡ್ ಬ್ಯಾಂಕಿನವರಿಗೆ ಎದೆ ಢವಢವ ಎನ್ನುತ್ತದಂತೆ. ದಾನಿಗಳು ಊರಿಗೆ ಹೋಗಿರುತ್ತಾರೆ, ಕಾಯಿಲೆ ಊರಿಗೆ ಹೋಗುವುದಿಲ್ಲವಲ್ಲ.

ಮಗಳಿಗೆ ಒಟ್ಟು 17 ಸಲ ಪ್ಲೇಟ್‌ಲೆಟ್ ಏರಿಸಿದರು. ಒಂದೊಂದರ ತಾರೀಖೂ ನನ್ನ ಡೈರಿಯಲ್ಲಿದೆ. ಅದರಲ್ಲಿ ವಿಶೇಷ ದಿನ ಅನ್ನುವಂಥದ್ದು ಒಂದೂ ಇಲ್ಲ. ಯಾವುದೋ ಮಂಗಳವಾರ, ಯಾವುದೋ ಮಳೆಯ ಬುಧವಾರ. ಅಂಥ ದಿನ ಕೆಲಸ ಬಿಟ್ಟು ಬಂದು, ತೋಳಿಗೆ ಸೂಜಿ ಚುಚ್ಚಿಸಿಕೊಂಡು ಒಂದೂವರೆ ಎರಡು ಗಂಟೆ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸುವ ಯಂತ್ರದ ಪಕ್ಕ ಮಲಗಿದ ನಿಮಗೆ ಕೈ ಮುಗಿಯುತ್ತೇನೆ. ನಿಮ್ಮ ಹೆಸರು ಕೇಳಿದ್ದೆ, ನಿಯಮದ ಪ್ರಕಾರ ಹೇಳುವಂತಿಲ್ಲ ಎಂದರು.

ಇನ್ನು ಮಕ್ಕಳ ವಾರ್ಡಿನ ನಿಧಿಗೆ ತಿಂಗಳು ತಿಂಗಳು ಹಣ ಹಾಕಿದವರು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದು ನನಗೂ ಮೊದಲು ಗೊತ್ತಿರಲಿಲ್ಲ. ನಮ್ಮ ಮಾತ್ರೆಗಳ ಖರ್ಚನ್ನು ಕಡೆಯ 14 ತಿಂಗಳು ಆ ನಿಧಿಯೇ ನೋಡಿಕೊಂಡಿತು. ಅದನ್ನು ನೋಡಿಕೊಳ್ಳುವ ಅಕ್ಕ ಒಮ್ಮೆ ತಮ್ಮ ಲೆಕ್ಕದ ಪುಸ್ತಕ ತೋರಿಸಿದರು. ಹಬ್ಬದ ತಿಂಗಳಲ್ಲಿ ದೊಡ್ಡ ದೊಡ್ಡ ಮೊತ್ತ. ಆಮೇಲೆ ಪುಟಗಟ್ಟಲೆ ಏನೂ ಇಲ್ಲ, ಅದೇ ನಲವತ್ತು ಐವತ್ತು ಜನರ ಸಣ್ಣ ಸಣ್ಣ ಮೊತ್ತ ಬಿಟ್ಟರೆ. "ದೊಡ್ಡ ದುಡ್ಡು ಬಂದಾಗ ಖುಷಿಯಾಗುತ್ತೆ. ಆದ್ರೆ ಮುಂದಿನ ವರ್ಷ ಬರುತ್ತೋ ಇಲ್ವೋ ಗೊತ್ತಿರಲ್ಲ. ಹಾಗಾಗಿ ಹೊಸ ಮಗುವಿಗೆ ಪೂರ್ತಿ ಔಷಧಿ ಕೊಡ್ತೀವಿ ಅಂತ ಮಾತು ಕೊಡೋಕೆ ಆಗಲ್ಲ. ಇವರು ತಪ್ಪದೆ ಹಾಕ್ತಾರಲ್ಲ, ಇವರನ್ನ ನಂಬಿ ಮಾತು ಕೊಡ್ತೀನಿ" ಎಂದರು ಅವರು.

ಆ ಮಾತಿನ ಬೆಲೆ ನಮ್ಮಂಥವರಿಗೆ ಗೊತ್ತು. ಕೂದಲು ಬಂದ ಮೇಲೆ, ಮಗು ಆಡತೊಡಗಿದ ಮೇಲೆ, ಕೈಯಲ್ಲಿ ಕಾಸಿಲ್ಲದೆ ಔಷಧಿ ನಿಲ್ಲಿಸಿಬಿಡುವ ಮನೆಗಳಿವೆ. ಹಾಗೆ ನಡುವೆ ಬಿಟ್ಟರೆ ಕಾಯಿಲೆ ಮರಳುವ ಅಪಾಯ ಹೆಚ್ಚು. ನಾವೂ ಒಂದು ತಿಂಗಳು ಆ ಅಂಚಿಗೆ ಬಂದಿದ್ದೆವು. ನಿಮ್ಮ ಖಾತೆಯಿಂದ ತಾನಾಗಿಯೇ ಹೋಗುವ ಆ ಸಣ್ಣ ಮೊತ್ತ ನಿಮಗೆ ನೆನಪೂ ಇರಲಿಕ್ಕಿಲ್ಲ. ನಮ್ಮನ್ನು ಈಚೆಗೆ ಎಳೆದದ್ದು ಅದೇ.

ಹಬ್ಬದ ವಾರದಲ್ಲಿ ವಾರ್ಡಿಗೆ ಬಂದವರಿಗೂ ವಂದನೆ. ಒಂದೇ ವಾರ ಮೂರು ತಂಡ ಬಂದು ಮೂರೂ ಕಂಬಳಿಯನ್ನೇ ಕೊಟ್ಟವು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು. ಒಂದು ಮಾತು ಮಾತ್ರ ಹೇಳಬೇಕು ಅನ್ನಿಸುತ್ತದೆ. ಫೋಟೋ ತೆಗೆಯುವಾಗ ನನ್ನ ಮಗಳು ಬೋಳು ತಲೆಯ ಮೇಲೆ ಹೊದಿಕೆ ಎಳೆದುಕೊಳ್ಳುತ್ತಿದ್ದಳು. ಒಬ್ಬ ಹುಡುಗಿ ಅದನ್ನು ಗಮನಿಸಿ ಕ್ಯಾಮೆರಾ ಒಳಗಿಟ್ಟು, "ಪುಟ್ಟಿ, ನಿಂಗೇನು ಬೇಕು?" ಎಂದು ಕೇಳಿದಳು. ಮಗಳು ಪೆನ್ಸಿಲ್ ಶಾರ್ಪ್‌ನರ್ ಕೇಳಿದಳು. ಬಣ್ಣದ ಪೆನ್ಸಿಲ್ ಎಲ್ಲರೂ ತಂದಿದ್ದರು, ಶಾರ್ಪ್‌ನರ್ ಯಾರೂ ತಂದಿರಲಿಲ್ಲ. ಮಾರನೇ ದಿನ ಆ ಹುಡುಗಿ ತಂದುಕೊಟ್ಟಳು. ಮುಂದಿನ ತಿಂಗಳೂ ಬಂದಳು. ಅದರ ಮುಂದಿನ ತಿಂಗಳೂ. ತಾಯಿ, ನೀನು ಇದನ್ನು ಓದುತ್ತಿದ್ದರೆ, ಆ ಶಾರ್ಪ್‌ನರ್ ಇವತ್ತಿಗೂ ಅವಳ ಶಾಲೆಯ ಚೀಲದಲ್ಲಿದೆ.

ನಮ್ಮ ಪಕ್ಕದ ಹಾಸಿಗೆಯಲ್ಲಿದ್ದ ಹುಡುಗನಿಗೆ ಇನ್ನೂ 13 ತಿಂಗಳ ಚಿಕಿತ್ಸೆ ಬಾಕಿ ಇದೆ. ಅವನ ಅಮ್ಮ ದುಡ್ಡು ಬೇಕು ಅಂತ ಯಾವತ್ತೂ ಬಾಯಿಬಿಟ್ಟು ಕೇಳುವವರಲ್ಲ. ಆಸ್ಪತ್ರೆಗೆ ಹೋಗಿಬರುವ ಬಸ್ ಖರ್ಚು ಎಷ್ಟಾಗುತ್ತದೆ ಎಂದು ನಾವೇ ಕೇಳಿ ತಿಳಿದುಕೊಂಡೆವು. ಈ ತಿಂಗಳಿಂದ ಅದು ನಮ್ಮ ಪಾಲು. ಪ್ಲೇಟ್‌ಲೆಟ್ ಕೊಡಲು ನಾನೂ ಹೆಸರು ಬರೆಸಿದ್ದೇನೆ, ಬರುವ ಮಂಗಳವಾರ ಬೆಳಿಗ್ಗೆ ಬರಲು ಹೇಳಿದ್ದಾರೆ. ಮಗಳೂ ಬರುತ್ತಾಳಂತೆ. ಆ ಅಲುಗಾಡುವ ಯಂತ್ರವನ್ನು ಅವಳು ಒಮ್ಮೆ ನೋಡಬೇಕಂತೆ.