ಗುರುವಾರದ ಲ್ಯಾಟಿನ್ ಪಾಠ: ‘ಮಾಗ್ನನಿಮುಸ್’

ಎಲ್ಲರಿಗೂ ನಮಸ್ಕಾರ. ಗುರುವಾರ ಸಂಜೆ 7ಕ್ಕೆ ಪಾಠವಿದೆ. ಈ ಸಲ ಒಂದೇ ಗುಣವಾಚಕ: ‘ಮಾಗ್ನನಿಮುಸ್’. ‘ಮಾಗ್ನುಸ್’ ಎಂದರೆ ದೊಡ್ಡ, ‘ಅನಿಮುಸ್’ ಎಂದರೆ ಮನಸ್ಸು. ಕೂಡಿದರೆ ‘ದೊಡ್ಡ ಮನಸ್ಸುಳ್ಳವನು’. ನಮ್ಮ ‘ಮಹಾತ್ಮ’ನ ಹಾಗೆಯೇ ಬಹುವ್ರೀಹಿ! ಈ ಹೋಲಿಕೆ ನನಗೆ ಬಹಳ ಇಷ್ಟ.

ಪುಲ್ಲಿಂಗಕ್ಕೆ ಮಾಗ್ನನಿಮುಸ್, ಸ್ತ್ರೀಲಿಂಗಕ್ಕೆ ಮಾಗ್ನನಿಮ, ನಪುಂಸಕಕ್ಕೆ ಮಾಗ್ನನಿಮುಮ್. ವಿಭಕ್ತಿ ಸೇರುವುದು ಕೊನೆಗೆ ಮಾತ್ರ, ಮೊದಲ ಪದ ಅಲುಗುವುದಿಲ್ಲ. ಷಷ್ಠೀ ಬಹುವಚನದಲ್ಲಿ ಎಚ್ಚರ: ವಾಡಿಕೆಯ ರೂಪ ‘ಮಾಗ್ನನಿಮೋರುಮ್’. ಆದರೆ ರೋಮನ್ ಕವಿ ವರ್ಜಿಲ್ ‘ಮಾಗ್ನನಿಮುಮ್ ಹೇರೋಉಮ್’ ಎಂದು ಹಳೆಯ ಗಿಡ್ಡ ರೂಪವನ್ನೇ ಬಳಸುತ್ತಾನೆ; ‘ದೊಡ್ಡ ಮನಸ್ಸಿನ ವೀರರ’ ಎಂದರ್ಥ. ಅದನ್ನು ನಪುಂಸಕವೆಂದು ಓದಬೇಡಿ.

ಮೂರೂ ಲಿಂಗಗಳ ವಿಭಕ್ತಿ ಪಟ್ಟಿಯನ್ನು ಕೈಯಲ್ಲೇ ಬರೆದು, ಬುಧವಾರ ರಾತ್ರಿಯೊಳಗೆ ಚಿತ್ರ ಕಳುಹಿಸಿ. ಬರಲಾಗದವರು ದಯವಿಟ್ಟು ಇಲ್ಲೇ ತಿಳಿಸಿ.