ರೈಲಿಗೆ ಹೊಡೆದ ಮಿಂಚು ಕಣ್ಣಿನ ಆಟವಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದಲ್ಲಿ ಮೊನ್ನೆ ಬಂದ ಐನ್‌ಸ್ಟೈನ್ ಲೇಖನ ಓದಿದೆ. ಬರೆದವರ ಉತ್ಸಾಹ ಇಷ್ಟವಾಯಿತು. ಆದರೆ ರೈಲು-ಮಿಂಚಿನ ಉದಾಹರಣೆಯನ್ನು ಅರ್ಧಕ್ಕೇ ಬಿಟ್ಟಿದ್ದಾರೆ.

ಲೇಖನದಲ್ಲಿ ಇರುವುದಿಷ್ಟು: ಓಡುವ ರೈಲಿನ ಎರಡೂ ತುದಿಗೆ ಮಿಂಚು ಹೊಡೆಯಿತು. ಪ್ಲಾಟ್‌ಫಾರ್ಮಿನವನಿಗೆ ಎರಡೂ ಒಟ್ಟಿಗೆ. ರೈಲಿನ ನಟ್ಟನಡುವೆ ಕೂತವಳು ಮುಂದಕ್ಕೆ ಸಾಗುತ್ತಿದ್ದಾಳಲ್ಲ, ಅವಳಿಗೆ ಮುಂದಿನ ಮಿಂಚು ಮೊದಲು ಕಾಣುತ್ತದೆ. ಆದ್ದರಿಂದ ಕಾಲ ಸಾಪೇಕ್ಷ, ಅಂದರೆ ನೋಡುವವರಿಗೆ ತಕ್ಕಂತೆ ಬೇರೆ. ಇಷ್ಟೇ ಆದರೆ ಐನ್‌ಸ್ಟೈನ್ ಯಾಕೆ ಬೇಕಿತ್ತು? ದೂರದ ಸಿಡಿಲಿನ ಸದ್ದು ತಡವಾಗಿ ಕೇಳುತ್ತದೆ ಅಂತ ನಮ್ಮ ಅಜ್ಜಿಗೂ ಗೊತ್ತಿತ್ತು.

ನಿಜವಾದ ವಿಷಯ ಇದರ ಮುಂದೆ ಇದೆ. ಬೆಳಕು ಬರಲು ತಗೊಂಡ ಸಮಯವನ್ನು ಅವಳು ಕಳೆದೇ ಲೆಕ್ಕ ಹಾಕಲಿ. ಸುಟ್ಟ ಗುರುತುಗಳು ರೈಲಿನ ಎರಡು ತುದಿಯಲ್ಲಿವೆ, ಅವಳು ಸರಿಯಾಗಿ ನಡುವೆ ಇದ್ದಾಳೆ. ಬೆಳಕಿನ ವೇಗ ಅವಳಿಗೂ ಎರಡೂ ಕಡೆಯಿಂದ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. 1905ರಲ್ಲಿ ಐನ್‌ಸ್ಟೈನ್ ಹಿಡಿದ ಹಟವೇ ಅದು. ದೂರ ಒಂದೇ, ವೇಗ ಒಂದೇ, ಆದರೂ ಒಂದು ಬೆಳಕು ಮೊದಲು ಬಂತು ಅಂದರೆ ಅವಳ ಚೌಕಟ್ಟಿನಲ್ಲಿ ಮುಂದಿನ ಮಿಂಚು ಹೊಡೆದದ್ದೇ ಮೊದಲು, ಬರೀ ಕಂಡದ್ದು ಮೊದಲು ಅಲ್ಲ.

ಚೌಕಟ್ಟು, ಅಂದರೆ ರೆಫರೆನ್ಸ್ ಫ್ರೇಮ್, ಒಬ್ಬರ ಕಣ್ಣಲ್ಲ; ದೂರ, ಸಮಯ ಅಳೆಯುವ ಇಡೀ ಏರ್ಪಾಟು. ರೈಲಿನ ಉದ್ದಕ್ಕೂ ಒಂದಕ್ಕೊಂದು ಹೊಂದಿಸಿಟ್ಟ ಗಡಿಯಾರಗಳಿವೆ ಅಂದುಕೊಳ್ಳಿ. ಮಿಂಚು ಎಲ್ಲಿ ಹೊಡೆಯಿತೋ ಅಲ್ಲಿನ ಗಡಿಯಾರವೇ ಸಮಯ ಬರೆದುಕೊಳ್ಳುತ್ತದೆ. ನೋಡುವ ಮಾತೇ ಬರುವುದಿಲ್ಲ.

ನಮ್ಮ ಮುಂಬೈ ಲೋಕಲ್ ರೈಲಿಗೇ ಲೆಕ್ಕ ಹಾಕಿ. ಉದ್ದ 250 ಮೀಟರ್, ವೇಗ ಗಂಟೆಗೆ 100 ಕಿ.ಮೀ. ಅಂದರೆ ಎರಡು ಮಿಂಚಿನ ನಡುವೆ ಬರುವ ವ್ಯತ್ಯಾಸ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಡೊಂಬಿವಲಿಯಲ್ಲಿ ಹತ್ತುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನು 'ಎಲ್ಲವೂ ಸಾಪೇಕ್ಷ' ಅನ್ನುವ ಆ ದಪ್ಪಕ್ಷರದ ಸಾಲು. ದಯವಿಟ್ಟು ಬೇಡ. ಒಂದು ಜಾಗ, ಒಂದು ಕ್ಷಣ, ಅಲ್ಲಿ ಆದದ್ದೇ ಘಟನೆ. ಆದದ್ದು ಎಲ್ಲರಿಗೂ ಆದದ್ದೇ. ಅದಕ್ಕೆ ಹಚ್ಚುವ ದೂರ, ಸಮಯದ ಅಂಕಿ ಮಾತ್ರ ಚೌಕಟ್ಟಿನಿಂದ ಚೌಕಟ್ಟಿಗೆ ಬದಲಾಗುತ್ತದೆ. ಬಾಹ್ಯಾಕಾಶದ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯೂಆನ್ ಅನ್ನುವ ಸಣ್ಣ ಕಣ ನೋಡಿ. ಇದೇ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು (ಟಿಐಎಫ್‌ಆರ್) ಕೋಲಾರದ ಚಿನ್ನದ ಗಣಿಯ ಆಳಕ್ಕಿಳಿದು ಅಳೆದಿದ್ದರಲ್ಲ, ಅದೇ. ಅದರ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡ್. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ ಸುಮಾರು 660 ಮೀಟರ್ ದಾಟೀತು, ಅಷ್ಟೇ. ಆದರೂ ಹತ್ತು ಹದಿನೈದು ಕಿ.ಮೀ. ಮೇಲೆ ಹುಟ್ಟಿದವು ನೆಲ ಮುಟ್ಟುತ್ತವೆ. ನಮ್ಮ ಲೆಕ್ಕದಲ್ಲಿ ಅದರ ಗಡಿಯಾರ ನಿಧಾನ. ಅದರ ಲೆಕ್ಕದಲ್ಲಿ ನಮ್ಮ ವಾತಾವರಣವೇ ತೆಳ್ಳಗೆ. ಕಾರಣ ಬೇರೆ ಬೇರೆ ಹೇಳಿದರೂ ನೆಲ ಮುಟ್ಟಿತು ಅನ್ನುವುದರಲ್ಲಿ ಜಗಳವಿಲ್ಲ.

ಮೊದಲು-ಆಮೇಲೆ ಅನ್ನುವುದೂ ಬೇಕಾದ ಹಾಗೆ ಅದಲುಬದಲಾಗುವುದಿಲ್ಲ. ಒಂದು ಘಟನೆಯಿಂದ ಇನ್ನೊಂದಕ್ಕೆ ಬೆಳಕು ತಲುಪುವಷ್ಟು ಸಮಯವಿದ್ದರೆ ಅವುಗಳ ಕ್ರಮ ಎಲ್ಲ ಚೌಕಟ್ಟಿನಲ್ಲೂ ಒಂದೇ. ಮಗ ಅಪ್ಪನಿಗಿಂತ ಮೊದಲು ಹುಟ್ಟುವ ಚೌಕಟ್ಟು ಯಾವುದೂ ಇಲ್ಲ.

ಮುಂದಿನ ಕಂತಿನಲ್ಲಿ ಆ ರೈಲಿನ ಚಿತ್ರವನ್ನು ಎರಡು ಸಲ ಬರೆಸಿ: ಒಂದು ಪ್ಲಾಟ್‌ಫಾರ್ಮಿನ ಗಡಿಯಾರಗಳ ಜೊತೆ, ಇನ್ನೊಂದು ರೈಲಿನ ಗಡಿಯಾರಗಳ ಜೊತೆ. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಹುಡುಗರಿಗೆ ನಿಮ್ಮ ಪುಟ ಕತ್ತರಿಸಿ ಕೊಡುವವರು ನಾವು ಕೆಲವರಿದ್ದೇವೆ.

— ಒಬ್ಬ ಓದುಗ, ಡೊಂಬಿವಲಿ