ಹಡಗಿಗೆ ಹೊರಟವರು ಇದನ್ನೊಮ್ಮೆ ಓದಿ

ದಾವಣಗೆರೆಯಿಂದ ಮುಂಬೈಗೆ ಹೋಗಿ ಗೋವಾ ಹಡಗು ಹತ್ತುವವರೆಲ್ಲ ಗಮನಿಸಿ. ನಾವು ಹತ್ತುವ, ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ 1990ರ ಹಳೇ ಹಡಗು, ಆದರೂ ಮೇಲಿನ ಡೆಕ್‌ಗೆ ಹೋಗದೆ ಬರಬೇಡಿ. ಈಜುಕೊಳ, ಮಕ್ಕಳು ಹತ್ತುವ ಗೋಡೆ ಎರಡೂ ಬಯಲಲ್ಲೇ ಇವೆ. ಅಲೆ ಜಾಸ್ತಿಯಾದರೆ ಕೊಳ ಮುಚ್ಚಿಬಿಡುತ್ತಾರೆ, ಹಾಗಾಗಿ ಮಕ್ಕಳನ್ನು ಮೊದಲ ದಿನವೇ ನೀರಿಗಿಳಿಸಿ. ಡೆಕ್ ಮೇಲೆ ಗಾಳಿ ಜೋರು, ಟೋಪಿ, ಸೆರಗು ಹುಷಾರು! ಬಾಲ್ಕನಿ ಕಂಬಿಗೆ ಟವೆಲ್ ಒಣಹಾಕಬೇಡಿ, ಅದು ನಮ್ಮ ಮನೆ ಮಾಳಿಗೆ ಅಲ್ಲವಲ್ಲ.

ರಾತ್ರಿ ಥಿಯೇಟರ್‌ನಲ್ಲಿ ಶೋ. ಕೆಲವಕ್ಕೆ ಬೇರೆ ದುಡ್ಡು, ಸುಮ್ನೆ ನುಗ್ಗದೆ ಮೊದಲು ಕೇಳಿಕೊಳ್ಳಿ. ಅಪಾಯ ಬಂದರೆ ಏನು ಮಾಡಬೇಕೆಂದು ಹೇಳಿಕೊಡುವ ಸುರಕ್ಷತಾ ಡ್ರಿಲ್‌ಗೆ ಮಾತ್ರ ಎಲ್ಲರೂ ಬರಲೇಬೇಕು, ಅಜ್ಜ-ಅಜ್ಜಿಯರೂ ಸೇರಿ.

ಮಂಡಕ್ಕಿ-ಮೆಣಸಿನಕಾಯಿ ಬಸ್ಸಿನಲ್ಲೇ ಖಾಲಿ ಮಾಡೋಣ, ಹೊರಗಿನ ತಿಂಡಿ ಹಡಗಿನೊಳಗೆ ಬಿಡುವುದಿಲ್ಲ. ಹೆಸರು ಬರೆಸದವರು ನಾಳೆ ರಾತ್ರಿಯೊಳಗೆ ತಿಳಿಸಿ.